ಮಳೆಗಾಲದಲ್ಲಿ ಟವರ್ ಹೋದಾಗ ವಾಕಿಟಾಕಿ ಕೆಲಸಕ್ಕೆ ಬರುತ್ತಾ? ಮೂಡಿಗೆರೆ, ಸಕಲೇಶಪುರ ಕಡೆಯವರು ಹೇಳಿ

ಬಾಳೂರು_ಮಳೆ
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಳೂರು ಹತ್ತಿರ ಸಣ್ಣ ಕಾಫಿ ತೋಟ. ಮನೆ ಗುಡ್ಡದ ಬುಡದಲ್ಲಿದೆ. ಕೆಲಸದವರ ಲೈನ್ ಮನೆಗಳು ಹಳ್ಳದ ಆಚೆ. ಅಣ್ಣನ ಮನೆ ಮೇಲೆ ದಿಣ್ಣೆಯಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದ ದಿನವೇ ಸಂಜೆಯೊಳಗೆ ಟವರೂ ಹೋಗುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಕಥೆ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ಮೂರು ದಿನ ಫೋನ್ ಇರಲಿಲ್ಲ. ಅದೇ ಹೊತ್ತಿಗೆ ಕಾಲುಸಂಕ ಕೊಚ್ಚಿಹೋಯಿತು. ಲೈನ್‌ನಲ್ಲಿ ಒಬ್ಬಳು ತುಂಬು ಗರ್ಭಿಣಿ ಇದ್ದಳು. ನಾನು ಹಳ್ಳದ ಈಚೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ನೀರಿನ ಸದ್ದಿಗೆ ಏನೂ ಕೇಳಲಿಲ್ಲ. ಆಚೆಯಿಂದ ಮೇಸ್ತ್ರಿ ಕೈ ಬೀಸಿದ. ಬಾ ಅಂತಲೋ, ಬೇಡ ಅಂತಲೋ ಗೊತ್ತಾಗಲಿಲ್ಲ. ಹನ್ನೊಂದು ಕಿಲೋಮೀಟರ್ ಸುತ್ತು ಹಾಕಿ ಹೋಗಿ ನೋಡಿದರೆ ಅವಳು ಆರಾಮಾಗಿ ಕೂತು ಚಾ ಕುಡಿಯುತ್ತಿದ್ದಳು. ನನಗೇ ಜ್ವರ ಬಂತು.

ಈ ಸಲ ವಾಕಿಟಾಕಿ ತಗೋಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ ಜೋಡಿಗೆ ನಾಲ್ಕು ಸಾವಿರ ಚಿಲ್ಲರೆ ಇದೆ. ‘10 ಕಿಲೋಮೀಟರ್ ರೇಂಜ್’ ಅಂತ ಬರೆದಿದ್ದಾರೆ. ನಿಜವಾ? ಲೈಸನ್ಸ್ ಬೇಕಾ? ಬಳಸಿದವರು ಹೇಳಿ.

ರೊಬಸ್ಟಾ_ರಾಯ
10 ಕಿಲೋಮೀಟರ್ ಅಂತೆ! ಸಮುದ್ರದ ಮೇಲೆ ಎರಡು ದೋಣಿ ಇದ್ದರೆ ಇರಬಹುದು. ನಮ್ಮ ಸಿಲ್ವರ್ ಓಕ್ ಕಾಡಿನಲ್ಲಿ ಒಂದು ಕಿಲೋಮೀಟರ್ ಬಂದರೆ ದೇವರಿಗೆ ಕಾಯಿ ಒಡೆಯಿರಿ.

ಕೊಟ್ಟಿಗೆಹಾರ_ದೋಸೆ
ಮಾರಾಯ್ರೇ, ಒಂದು ಜೋಡಿ ತಗೊಂಡು ಮಕ್ಕಳ ಕೈಗೆ ಕೊಟ್ಟಿದ್ದೆ. ಎರಡು ದಿನ ಆಟ ಆಡಿದರು. ಈಗ ಯಾವ ಡ್ರಾಯರ್‌ನಲ್ಲಿದೆಯೋ ಗೊತ್ತಿಲ್ಲ.

ಹಳೇ_ಹ್ಯಾಮ್
ಬಾಳೂರಿನವರೇ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಹಾಸನದವನು, ಸುಮಾರು ವರ್ಷದಿಂದ ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಲೈಸನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ಲೈಸನ್ಸ್ ವಿಷಯ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಸಣ್ಣ ಪಟ್ಟಿಯನ್ನು 2018ರ ನಿಯಮದಲ್ಲಿ ಜನರಿಗೆ ಬಿಟ್ಟುಕೊಟ್ಟಿದ್ದಾರೆ. ಈ ಪಟ್ಟಿಯಲ್ಲಿ ಅರ್ಧ ವಾಟ್‌ನ ಸೆಟ್ ಬಳಸಲು ಲೈಸನ್ಸ್ ಬೇಡ. ಆದರೆ ಆ ಮಾಡೆಲ್‌ಗೆ ಸರ್ಕಾರದ ಇಟಿಎ ಮಂಜೂರಾತಿ ಇರಬೇಕು. ಕೊಳ್ಳುವಾಗ ಫ್ರೀಕ್ವೆನ್ಸಿ ಎಷ್ಟು, ಇಟಿಎ ಇದೆಯಾ, ಇವೆರಡನ್ನೂ ನೋಡಿ. ಬರೆದಿಲ್ಲ ಅಂದರೆ ಬಿಟ್ಟುಬಿಡಿ. 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೇ ಅಂತ ಮಾರ್ಗಸೂಚಿ ತಂದಿತು. ಆನ್‌ಲೈನ್‌ನಲ್ಲಿ ಕಂಡಕಂಡ ವಾಕಿಟಾಕಿ ಮಾರುವ ಹಾಗಿಲ್ಲ, ಫ್ರೀಕ್ವೆನ್ಸಿಯನ್ನೂ ಲೈಸನ್ಸ್ ಬೇಕೋ ಬೇಡವೋ ಅನ್ನುವುದನ್ನೂ ಹಾಕಲೇಬೇಕು. ವಿದೇಶದಿಂದ ನೆಂಟರು ತಂದುಕೊಟ್ಟ ಸೆಟ್ ಬೇಡ. ಅಮೆರಿಕದ ಸೆಟ್‌ಗಳು 462, 467ರಲ್ಲಿ ಕೆಲಸ ಮಾಡುತ್ತವೆ. ಇಲ್ಲಿ ಅದು ಬೇರೆಯವರ ಜಾಗ.

ಇನ್ನು ರೇಂಜ್. ಈ ಅಲೆಗಳು ಹೆಚ್ಚೂಕಡಿಮೆ ಕಣ್ಣಿನ ನೋಟದ ಹಾಗೆ ಹೋಗುತ್ತವೆ. ಬಯಲಿನಲ್ಲಿ ನಿಂತ ಮನುಷ್ಯನ ಬಾಯಿಯ ಎತ್ತರದಿಂದ ರೇಡಿಯೋ ದಿಗಂತ 5 ಕಿಲೋಮೀಟರ್ ಚಿಲ್ಲರೆ. ಇಬ್ಬರದೂ ಸೇರಿದರೆ 10. ಪೆಟ್ಟಿಗೆ ಮೇಲಿನ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ ಅನಿಸುತ್ತದೆ. ಮಧ್ಯೆ ಮರ, ಮನೆ, ದಿಬ್ಬ ಯಾವುದೂ ಇಲ್ಲ ಅಂತ ಇಟ್ಟುಕೊಂಡ ಲೆಕ್ಕ ಅದು. ಅದೇ 100 ಮೀಟರ್ ಎತ್ತರದ ದಿಣ್ಣೆ ಹತ್ತಿದರೆ ಆ ದಿಗಂತ 40 ಕಿಲೋಮೀಟರ್ ದಾಟುತ್ತದೆ. ನಿಮ್ಮಲ್ಲಿ ನೆಲಕ್ಕಿಂತ ಎತ್ತರ ಮುಖ್ಯ. ಅಣ್ಣನ ಮನೆ ದಿಣ್ಣೆಯಲ್ಲಿದೆ ಅಂದಿರಲ್ಲ, ಅದು ಚಿನ್ನ. ಆಮೇಲೆ ಹೇಳುತ್ತೇನೆ.

ರೊಬಸ್ಟಾ_ರಾಯ
ಸರ್, ಇಷ್ಟೆಲ್ಲ ಕಾನೂನು ಯಾಕೆ? ಪೇಟೆಯಲ್ಲಿ 5 ವಾಟ್‌ನ ಬಾವೊಫೆಂಗ್ ಯುವಿ-5ಆರ್ ಸಿಗುತ್ತದೆ. ಧರೆ ಜರಿದು ಜೀವ ಹೋಗುವಾಗ ಲೈಸನ್ಸ್ ತೋರಿಸು ಅಂತ ಯಾರು ಬರುತ್ತಾರೆ?

ಹಳೇ_ಹ್ಯಾಮ್
ರಾಯರೇ, ಜೀವ ಹೋಗುವ ದಿನ ಯಾರೂ ಕೇಳುವುದಿಲ್ಲ, ಒಪ್ಪಿದೆ. ಆದರೆ ಆ ದಿನ ಅದು ಕೆಲಸ ಮಾಡಬೇಕು ಅಂದರೆ ಮೊದಲ ಮುನ್ನೂರು ದಿನ ಬಳಸಿ ಪಳಗಿರಬೇಕು. ಲೈಸನ್ಸ್ ಇಲ್ಲದೆ ದಿನಾ ಬಳಸುತ್ತೀರಾ? ಆ ಸೆಟ್ 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತಾಡುತ್ತದೆ. ಪೊಲೀಸ್, ಅರಣ್ಯ ಇಲಾಖೆಯಂಥವರು ಮಾತಾಡುವುದು ಅದೇ ಸುತ್ತಮುತ್ತ. ಆನೆ ಓಡಿಸುವ ಹುಡುಗರು ಸಿಗ್ನಲ್ ಕೊಡುವ ಹೊತ್ತಿಗೆ ನೀವು ನಡುವೆ ಬಂದು ‘ಚಾ ಆಯ್ತಾ’ ಅಂದರೆ?

ಆನೆಕಾಟ_ಆಲೂರು
ಇದು ನಿಜ. ನಮ್ಮ ಕಡೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ, ಅದೇ ಇಟಿಎಫ್ ಹುಡುಗರ ಕೈಯಲ್ಲಿ ಸೆಟ್ ಇರುತ್ತದೆ. ಸಲಗ ಯಾವ ತೋಟದಲ್ಲಿದೆ, ಯಾವ ಕಡೆ ತಿರುಗಿತು ಅನ್ನುವುದು ಅದರಲ್ಲೇ ಹೋಗುವುದು. ನಮಗೆ ವಾಟ್ಸಾಪ್ ಗ್ರೂಪಲ್ಲಿ ಬರುತ್ತದೆ. ನೆಟ್‌ವರ್ಕ್ ಇಲ್ಲದ ದಿನ ಆನೆ ಎಲ್ಲಿದೆ ಅಂತ ಆನೆಗೆ ಮಾತ್ರ ಗೊತ್ತು.

ಕೊಟ್ಟಿಗೆಹಾರ_ದೋಸೆ
😂 ಕೊನೆಯ ಸಾಲು ಗೋಡೆ ಮೇಲೆ ಬರೆಸಬೇಕು.

ದೋಣಿಗಲ್_ತಿರುವು
ನಾನು ಪಿಕಪ್ ಓಡಿಸುವವನು. ಶಿರಾಡಿ ಘಾಟಿಯಲ್ಲಿ 2018ರಿಂದ ಮಳೆಗಾಲ ಅಂದರೆ ಹೊಟ್ಟೆಯೊಳಗೆ ಭಯ. 2024ರ ಜುಲೈಯಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಬಂದಾಗ ನಾನು ಸಾಲಿನಲ್ಲಿದ್ದೆ. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ಮಧ್ಯೆ ರೈಲು ಹಳಿಯ ಕೆಳಗಿನ ಮಣ್ಣೇ ಹೋಗಿ ಮಂಗಳೂರು ರೈಲು ಎಷ್ಟೋ ದಿನ ನಿಂತಿತ್ತು. ಗುಡ್ಡ ಬಂದ ದಿನ ನನ್ನ ಹಿಂದೆ ಮೂರು ಗಾಡಿ ನಮ್ಮವೇ. ಹುಡುಗರ ಹತ್ತಿರ ಈ ಸಣ್ಣ ಸೆಟ್ ಇತ್ತು. ಎರಡು ತಿರುವು ದಾಟಿದರೆ ಗೊರ್ ಗೊರ್ ಅನ್ನುತ್ತಿತ್ತು ನಿಜ. ಆದರೂ ‘ಮುಂದೆ ಬರಬೇಡ, ಅಲ್ಲೇ ತಿರುಗಿಸು’ ಅನ್ನೋ ಮಾತು ಮುಟ್ಟಿತು. ಅಷ್ಟು ಸಾಕಾಯಿತು.

ಬಿಸಿಲೆ_ಬೈಕರ್
ರೈಡ್‌ಗೆ ಹೆಲ್ಮೆಟ್ ಇಂಟರ್‌ಕಾಮ್ ಚೆನ್ನಾಗಿದೆ ಗುರು. ಮ್ಯೂಸಿಕ್ಕೂ ಬರುತ್ತೆ.

ರೊಬಸ್ಟಾ_ರಾಯ
ಇವರು ಪ್ರವಾಹದ ಬಗ್ಗೆ ಕೇಳಿದರೆ ನೀವು ಮ್ಯೂಸಿಕ್ ಅಂತೀರಲ್ಲ.

ಕೋಡು_ಬರೆಯುವವ
ನಾನು ಹಾಸನದವನು, ಈಗ ಬೆಂಗಳೂರಲ್ಲಿ ಕೆಲಸ. ವಾಕಿಟಾಕಿ ಹಳೇದಾಯ್ತು ಸಾರ್. ಮೆಶ್‌ಟಾಸ್ಟಿಕ್ ನೋಡಿ. ಲೋರಾ ಅನ್ನೋ, ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೋ ಇರುವ ಸಣ್ಣ ಬೋರ್ಡ್, ಬ್ಲೂಟೂತ್‌ನಲ್ಲಿ ಫೋನ್‌ಗೆ ಸೇರಿಸಿದರೆ ಟವರ್ ಇಲ್ಲದೆ ಮೆಸೇಜ್ ಹೋಗುತ್ತದೆ. ಭಾರತದಲ್ಲಿ 865–867 ಮೆಗಾಹರ್ಟ್ಸ್‌ಗೆ 2005ರಿಂದಲೇ ಲೈಸನ್ಸ್ ಬೇಡ. ಸೆಟ್ಟಿಂಗ್‌ನಲ್ಲಿ ಐಎನ್_865 ಅಂತ ಆಯ್ಕೆ ಮಾಡಿದರಾಯಿತು. ಒಂದು ಬೋರ್ಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಾನೇ ದಾಟಿಸುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೂರು ಹಾರಿಕೆ. ದಿಣ್ಣೆ ಮೇಲೆ ಒಂದು ಇಟ್ಟರೆ ಇಡೀ ಊರು ಸೇರುತ್ತದೆ.

ಬಾಳೂರು_ಮಳೆ
ತಮ್ಮಾ, ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮೇಸ್ತ್ರಿಗೆ ಫೋನ್‌ನಲ್ಲಿ ಹಸಿರು ಬಟನ್, ಕೆಂಪು ಬಟನ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಳೆಯಲ್ಲಿ ಒದ್ದೆ ಬೆರಳಿನಿಂದ ಟೈಪ್ ಮಾಡೋದಾ?

ಕೋಡು_ಬರೆಯುವವ
ಅದು ಸರಿ ಅಣ್ಣ. ಬೆರಳು ಒದ್ದೆಯಾದರೆ ಟಚ್ ಕೈ ಕೊಡುತ್ತದೆ. ಹಾಗಾದರೆ ಹಳ್ಳದ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಾದರೂ ಲೋರಾ ಬಳಸಿ. ಬೇಕಿದ್ದರೆ ರಜಕ್ಕೆ ಬಂದಾಗ ಹಾಕಿಕೊಡುತ್ತೇನೆ, ಊಟ ಹಾಕಿಸಿ ಸಾಕು. ಬ್ಯಾಟರಿಗೆ ಒಂದು ಸೋಲಾರ್ ಪ್ಲೇಟ್ ಇಟ್ಟರೆ ಮುಗೀತು.

ಮಲ್ಲಿಗೆ_ಟೀಚರ್
ಆಷಾಢದಲ್ಲಿ ಸೋಲಾರ್! ಮಗಾ, ನೀನು ಬೆಂಗಳೂರಿಗೆ ಹೋಗಿ ಎಷ್ಟು ವರ್ಷ ಆಯ್ತು? ಇಲ್ಲಿ ಬಟ್ಟೆ ಒಣಗಿಸುವುದಕ್ಕೇ ಬಿಸಿಲಿಲ್ಲ. ನಾವು ಒಲೆ ಮೇಲೆ ಅಟ್ಟದಲ್ಲಿ ಹಾಕಿ ಒಣಗಿಸುತ್ತೇವೆ.

ಕೋಡು_ಬರೆಯುವವ
🙏 ಸೋತೆ ಟೀಚರ್.

ಮಲ್ಲಿಗೆ_ಟೀಚರ್
ನಗು ಇರಲಿ, ಒಂದು ಮಾತು. 2019ರ ಆಗಸ್ಟ್‌ನಲ್ಲಿ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜರಿದಾಗ ನಾನು ಮೂಡಿಗೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಚಾರ್ಮಾಡಿ ಬಂದ್ ಆಯಿತು. ಕರೆಂಟಿಲ್ಲ, ಫೋನಿಲ್ಲ. ನಮ್ಮ ಶಾಲೆಗೆ ಮೂರು ಊರಿನ ಜನ ಬಂದು ಸೇರಿದರು. ಆಗ ನಮಗೆ ಹೊರಗಿನವರ ಜೊತೆ ಮಾತಾಡುವುದಕ್ಕಿಂತ ಕಷ್ಟವಾಗಿದ್ದು ನಮ್ಮ ನಮ್ಮಲ್ಲೇ ಮಾತಾಡುವುದು. ಮೇಲಿನ ಕೇರಿಯ ಅಜ್ಜಿ ಬಂದರಾ? ಅಕ್ಕಿ ಯಾರ ಜೀಪಿನಲ್ಲಿದೆ? ಯಾರ ಮಗು ಯಾರ ಹತ್ತಿರ ಇದೆ? ಒಂದೊಂದಕ್ಕೂ ಒಬ್ಬ ಹುಡುಗ ಕೊಪ್ಪೆ ಹಾಕಿಕೊಂಡು ಕೆಸರಲ್ಲಿ ಓಡಬೇಕಿತ್ತು. ಒಂದು ಕಡೆ ಇಬ್ಬರು ಅದೇ ಅಜ್ಜಿಯನ್ನು ಹುಡುಕಲು ಬೇರೆ ಬೇರೆ ದಾರಿಯಲ್ಲಿ ಹೋಗಿದ್ದರು. ಅಜ್ಜಿ ಶಾಲೆಯ ಅಡುಗೆ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದರು. ಆವತ್ತು ನಾಲ್ಕು ಸೆಟ್ ಇದ್ದಿದ್ದರೆ ಆ ಹುಡುಗರ ಅರ್ಧ ಓಟ ಉಳಿಯುತ್ತಿತ್ತು.

ಹಾಗಾಗಿ 10 ಕಿಲೋಮೀಟರ್ ಬರಲಿಲ್ಲ ಅಂತ ಬೇಜಾರಾಗಬೇಡಿ. 500 ಮೀಟರ್ ಬಂದರೂ ಕೆಲಸವಿದೆ.

ದೋಣಿಗಲ್_ತಿರುವು
ಟೀಚರ್ ಹೇಳಿದ್ದು ನೂರಕ್ಕೆ ನೂರು.

ರೊಬಸ್ಟಾ_ರಾಯ
ಸರಿ, ಊರೊಳಗೆ ಆಯಿತು. ಆಂಬುಲೆನ್ಸ್ ಕರೆಯೋದು ಹೇಗೆ? 446ರಲ್ಲಿ ಕೂಗಿದರೆ ಯಾರಾದರೂ ಕೇಳಿಸಿಕೊಳ್ಳುತ್ತಾರಾ?

ಹಳೇ_ಹ್ಯಾಮ್
ಇಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಆ ಚಾನೆಲ್‌ಗೆ ಕಿವಿ ಕೊಟ್ಟು ಪೊಲೀಸರೋ ಎನ್‌ಡಿಆರ್‌ಎಫ್‌ನವರೋ ಕೂತಿರುವುದಿಲ್ಲ. ನಿಮ್ಮ ಇನ್ನೊಂದು ಸೆಟ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಕೇಳುತ್ತದೆ. ಆದ್ದರಿಂದ ಫೋನ್ ಸಿಗುವ ಜಾಗದಲ್ಲಿ ಒಬ್ಬರನ್ನು ಸೆಟ್ ಕೊಟ್ಟು ಕೂರಿಸಬೇಕು. ನೀವು ಸೆಟ್‌ನಲ್ಲಿ ಹೇಳಿ, ಅವರು 112ಕ್ಕೋ ಜಿಲ್ಲೆಯ ಕಂಟ್ರೋಲ್ ರೂಮಿನ 1077ಕ್ಕೋ ಕರೆ ಮಾಡಲಿ. ಇನ್ನೊಂದು, ನಿಮ್ಮ ಸಿಮ್‌ನ ಟವರ್ ಹೋಗಿದ್ದರೂ ಬೇರೆ ಕಂಪನಿಯ ಟವರ್ ಬದುಕಿದ್ದರೆ 112 ಹೋಗುತ್ತದೆ. ಫೋನಲ್ಲಿ ಕಡ್ಡಿ ಇಲ್ಲ ಅಂತ ಸುಮ್ನೆ ಕೂರಬೇಡಿ, ಒತ್ತಿ ನೋಡಿ.

ದೂರದ ಮಾತಿಗೆ ಹ್ಯಾಮ್ ಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಡ, ಪಾಸಾದರೆ ವಿಯು3 ಅಂತ ಶುರುವಾಗುವ ಕರೆಹೆಸರು ಸಿಗುತ್ತದೆ. 2004ರ ಡಿಸೆಂಬರ್ 26ಕ್ಕೆ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅನ್ನುವ ಹ್ಯಾಮ್ ತಮ್ಮ ತಂಡದ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹವ್ಯಾಸಕ್ಕೆ ಅಂತ ಹಾಕಿದ್ದ ಸ್ಟೇಷನ್ ಅದು. ಮಾಮೂಲಿ ಸಂಪರ್ಕ ಕಡಿದುಹೋದಾಗ ಅಂಡಮಾನ್‌ನ ಸುದ್ದಿ ಅದರಿಂದಲೇ ಹೊರಗೆ ಬರತೊಡಗಿತು. 2024ರಲ್ಲಿ ವಯನಾಡಿನಲ್ಲೂ ಹ್ಯಾಮ್‌ಗಳು ಕೆಲಸ ಮಾಡಿದರು.

ಬಿಸಿಲೆ_ಬೈಕರ್
ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಆಕಾಶದ ಉಪಗ್ರಹದ ಜೊತೆ ದಿನಾ ಮಾತಾಡ್ತಾರೆ. ನಮಗೆ ಹಳ್ಳದ ಆಚೆ ಮಾತಾಡಕ್ಕೆ ಆಗ್ತಿಲ್ಲ 😅

ಹಳೇ_ಹ್ಯಾಮ್
ಅಲ್ಲಿಗೆ ಮಧ್ಯೆ ಗುಡ್ಡ ಇಲ್ಲವಲ್ಲ! ತಮಾಷೆ ಬಿಡಿ. 2005ರಲ್ಲಿ ಇಸ್ರೋ ಹ್ಯಾಮ್‌ಗಳಿಗೇ ಅಂತ ಹ್ಯಾಮ್‌ಸ್ಯಾಟ್ ಹಾರಿಸಿತ್ತು. 2014ರವರೆಗೆ ಬದುಕಿತ್ತು. ಕೈಯಲ್ಲಿ ಆಂಟೆನಾ ಹಿಡಿದು ತಾರಸಿ ಮೇಲೆ ನಿಂತು ಅದರ ಮೂಲಕ ಮಾತಾಡಿದ್ದೇನೆ. ಅಕ್ಕಪಕ್ಕದವರು ಟಿವಿ ಆಂಟೆನಾ ಕದ್ದವನು ಅಂದುಕೊಂಡಿದ್ದರು.

ಕೊಟ್ಟಿಗೆಹಾರ_ದೋಸೆ
ಸ್ಯಾಟಲೈಟ್ ಫೋನ್ ತಗೊಂಡರೆ ಹೇಗೆ? ದುಬೈಯಲ್ಲಿ ಭಾವ ಇದ್ದಾನೆ, ತಂದುಕೊಡುತ್ತಾನೆ.

ದೋಣಿಗಲ್_ತಿರುವು
ಬೇಡ ಮಾರಾಯ್ರೇ. ಅನುಮತಿ ಇಲ್ಲದೆ ಥುರಾಯಾ, ಇರಿಡಿಯಂ ಇಟ್ಟುಕೊಂಡರೆ ಕೇಸ್. ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಭಾವನನ್ನು ಬಿಡಿಸಲು ನೀವು ದೋಸೆ ಅಂಗಡಿ ಮಾರಬೇಕಾಗುತ್ತದೆ.

ಆನೆಕಾಟ_ಆಲೂರು
ಹಿಂದೆ ಏನಿತ್ತು? ನಮ್ಮ ತಾತ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುತ್ತಿದ್ದರು. ಒಂದು ಕೂ ಅಂದರೆ ಊಟಕ್ಕೆ ಬಾ, ಎರಡು ಅಂದರೆ ಆನೆ, ಬಿಡದೆ ಕೂಗಿದರೆ ಏನೋ ಅನಾಹುತ. ಆನೆಗೆ ಅಂತ ಇಟ್ಟ ಗರ್ನಾಲು ಹೊಡೆದರೂ ಎರಡು ಊರಿಗೆ ಕೇಳುತ್ತದೆ. ಬ್ಯಾಟರಿ ಬೇಡ.

ರೊಬಸ್ಟಾ_ರಾಯ
ಮಳೆಯಲ್ಲಿ ಗರ್ನಾಲು ಹತ್ತುತ್ತಾ?

ಆನೆಕಾಟ_ಆಲೂರು
ಅದೂ ಒಂದು ಪ್ರಶ್ನೆ.

ಹಳೇ_ಹ್ಯಾಮ್
ಬಾಳೂರಿನವರಿಗೆ ಬಾಕಿ ಉಳಿದದ್ದು ಹೇಳಿಬಿಡುತ್ತೇನೆ.

ಎರಡು ಸೆಟ್ ಬೇಡ, ಮೂರು ತಗೊಳ್ಳಿ. ಮೂರನೆಯದು ಅಣ್ಣನ ಮನೆಗೆ. ನಿಮ್ಮ ಮಾತು ಹಳ್ಳದ ಆಚೆ ನೇರವಾಗಿ ಮುಟ್ಟದಿದ್ದರೆ ಮೇಲಿನವರು ಕೇಳಿ ಕೆಳಗೆ ದಾಟಿಸಲಿ. ದುಡ್ಡು ಖರ್ಚಿಲ್ಲದ ರಿಪೀಟರ್ ಅದು. ಮೂರಕ್ಕೂ ಚಾನೆಲ್ ಒಂದೇ ಇರಬೇಕು, ಟೋನ್ ಕೋಡ್‌ ಒಂದೇ ಇರಬೇಕು. ಕೋಡ್ ಬೇರೆ ಆದರೆ ಪಕ್ಕದಲ್ಲಿ ನಿಂತರೂ ಕೇಳುವುದಿಲ್ಲ. ಪೆಟ್ಟಿಗೆ ಮೇಲೆ ಅದನ್ನೇ ‘ಪ್ರೈವೆಸಿ ಕೋಡ್’ ಅಂತ ಬರೆದಿರುತ್ತಾರೆ. ಗುಟ್ಟು ಏನೂ ಉಳಿಯುವುದಿಲ್ಲ. ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಮಾಡುತ್ತದೆ ಅಷ್ಟೇ, ನಿಮ್ಮ ಮಾತು ಅದೇ ಚಾನೆಲ್‌ನಲ್ಲಿ ಕೋಡ್ ಹಾಕದೆ ಕೂತ ಎಲ್ಲರಿಗೂ ಕೇಳುತ್ತದೆ. ಅತ್ತೆ ಬಗ್ಗೆ ಅದರಲ್ಲಿ ಮಾತಾಡಬೇಡಿ.

ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ. ಒತ್ತಿದ ತಕ್ಷಣ ಶುರು ಮಾಡಿದರೆ ಮೊದಲ ಶಬ್ದ ತುಂಡಾಗುತ್ತದೆ. ‘ಬರಬೇಡಿ’ ಅನ್ನುವುದಕ್ಕೆ ‘ಬೇಡ, ಬರಬೇಡಿ’ ಅಂತ ಎರಡು ಸಲ ಹೇಳಿ, ಆಚೆಯವರು ಅದನ್ನೇ ತಿರುಗಿ ಹೇಳಲಿ. ಒದ್ದೆ ಎಲೆಗಳು ಸಿಗ್ನಲ್ ಕುಡಿಯುತ್ತವೆ. ಬೇಸಿಗೆಯಲ್ಲಿ ಸಿಕ್ಕ ಜಾಗದಲ್ಲಿ ಮಳೆಗಾಲದಲ್ಲಿ ಸಿಗದೇ ಇರಬಹುದು. ಆದ್ದರಿಂದ ಜೋರು ಮಳೆಯಲ್ಲೇ ಒಂದು ಸಲ ಪರೀಕ್ಷೆ ಮಾಡಿ.

ಬ್ಯಾಟರಿ ಎಷ್ಟು ಗಂಟೆ ಅಂತ ಬರೆದಿರುತ್ತಾರಲ್ಲ, ಅದು ನೂರರಲ್ಲಿ ಐದು ಪಾಲು ಮಾತಾಡಿ, ಐದು ಪಾಲು ಕೇಳಿ, ಉಳಿದ ತೊಂಬತ್ತು ಪಾಲು ಸುಮ್ಮನಿದ್ದರೆ. ಹೆಂಗಸರು ಮಾತಾಡಿದರೆ

ಮಲ್ಲಿಗೆ_ಟೀಚರ್
ಸರ್, ಆ ವಾಕ್ಯ ಮುಗಿಸಬೇಡಿ.

ಹಳೇ_ಹ್ಯಾಮ್
ಕ್ಷಮಿಸಿ ಟೀಚರ್. ಅರ್ಧದಲ್ಲೇ ಪೋಸ್ಟ್ ಒತ್ತಿಬಿಟ್ಟಿದ್ದೆ. ಯಾರೇ ಜಾಸ್ತಿ ಮಾತಾಡಿದರೂ ಬೇಗ ಖಾಲಿ. ಅದಕ್ಕೆ ಹೊತ್ತು ಗೊತ್ತು ಮಾಡಿಕೊಳ್ಳಿ. ಗಂಟೆಗೊಮ್ಮೆ ಐದು ನಿಮಿಷ ಸೆಟ್ ಆನ್, ಆಮೇಲೆ ಆಫ್. ಹಾಗೆ ಮಾಡಿದರೆ ಮೂರು ದಿನ ಎಳೆಯಬಹುದು. ಯುಎಸ್‌ಬಿ ಚಾರ್ಜಿಂಗ್ ಇರುವ ಸೆಟ್ ಆದರೆ ಜೀಪಿನಲ್ಲೂ ಚಾರ್ಜ್ ಆಗುತ್ತದೆ.

ಬಾಳೂರು_ಮಳೆ
ಎಲ್ಲರಿಗೂ ಧನ್ಯವಾದ. ಮೂರು ಸೆಟ್‌ಗೆ ಆರ್ಡರ್ ಹಾಕಿದೆ. 446, ಇಟಿಎ ಎರಡೂ ನೋಡಿಯೇ ತಗೊಂಡೆ. ಬಂದ ಮೇಲೆ ಬರೆಯುತ್ತೇನೆ.

ರೊಬಸ್ಟಾ_ರಾಯ
ಬರೆಯಲ್ಲ. ಇಲ್ಲಿ ಯಾರೂ ಆಮೇಲೆ ಬಂದು ಬರೆದದ್ದನ್ನು ನಾನು ನೋಡಿಲ್ಲ.

ಬಾಳೂರು_ಮಳೆ (ಹದಿನೆಂಟು ದಿನದ ನಂತರ)
ರಾಯರೇ, ಬಂದೆ.

ಭಾನುವಾರ ಮಳೆ ಹಿಡಿದಾಗಲೇ ಪರೀಕ್ಷೆ ಮಾಡಿದೆವು. ಮನೆಯಿಂದ ಕಣದವರೆಗೆ ಸ್ಪಷ್ಟ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ತಗಡಿನೊಳಗೆ ಹೋದರೆ ಸತ್ತೇಹೋಯಿತು, ಬಾಗಿಲಿಗೆ ಬಂದರೆ ಮತ್ತೆ ಜೀವ. ಮನೆಯಿಂದ ಲೈನ್‌ಗೆ ನೇರ ನಾಲ್ಕುನೂರು ಮೀಟರೂ ಇಲ್ಲ, ಆದರೂ ಬರೀ ಗೊರಗೊರ. ಮಧ್ಯೆ ದಿಬ್ಬದ ಮೂಗು ಅಡ್ಡ ಇದೆ. ಮನೆಯಿಂದ ಅಣ್ಣನ ಮನೆಗೆ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಅಲ್ಲಿಂದ ಲೈನ್‌ಗೂ ಹಾಗೇ. ಹ್ಯಾಮ್ ಸರ್ ಹೇಳಿದ್ದು ಹಾಗೇ ಆಯಿತು. ಅಣ್ಣನ ಮನೆ ಜಗಲಿಯಿಂದ ಬಾಳೂರು ರಸ್ತೆಯ ಅಂಗಡಿಗೂ ಸಿಕ್ಕಿತು. ಅದು ಎರಡೂವರೆ ಕಿಲೋಮೀಟರ್. ಅಲ್ಲಿ ಫೋನ್ ಸಿಗ್ನಲ್ ಬರುತ್ತದೆ. ನಾಲ್ಕನೇ ಸೆಟ್ ಅಂಗಡಿಯವರಿಗೆ ಕೊಡೋಣ ಅಂತಿದ್ದೇನೆ.

ಅಣ್ಣನಿಗೆ ಇದರಲ್ಲಿ ಆಸಕ್ತಿ ಇಲ್ಲ. ಅತ್ತಿಗೆ ತಗೊಂಡರು. ಮೊದಲ ದಿನ ‘ಹಲೋ ಯಾರು ಮಾತಾಡೋದು’ ಅನ್ನುತ್ತಿದ್ದರು, ಬಟನ್ ಬಿಡುತ್ತಲೇ ಇರಲಿಲ್ಲ. ಈಗ ನಮಗೆಲ್ಲ ಅವರೇ ಪಾಠ. ಮೇಸ್ತ್ರಿ ‘ಓವರ್’ ಅನ್ನದಿದ್ದರೆ ಉತ್ತರವನ್ನೇ ಕೊಡುವುದಿಲ್ಲ.

ಮಲ್ಲಿಗೆ_ಟೀಚರ್
ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಓವರ್.

ಹಳೇ_ಹ್ಯಾಮ್
ತಗಡಿನ ವಿಷಯ ಒಳ್ಳೆ ಪಾಠ. ಅತ್ತಿಗೆಗೆ ಹ್ಯಾಮ್ ಪರೀಕ್ಷೆ ಕಟ್ಟಲು ಹೇಳಿ. ನಾನು ಪುಸ್ತಕ ಕೊಡುತ್ತೇನೆ.

ರೊಬಸ್ಟಾ_ರಾಯ
ಎರಡೂವರೆ ಕಿಲೋಮೀಟರ್ ಬಂತಾ? ಕಾಯಿ ಒಡೆಯುವುದು ನನ್ನ ಲೆಕ್ಕ.

ಬಾಳೂರು_ಮಳೆ
ನಿನ್ನೆ ರಾತ್ರಿ ಕರೆಂಟು ಹೋಯಿತು, ಟವರೂ ಹೋಯಿತು. ಏಳು ಗಂಟೆಗೆ ಸರಿಯಾಗಿ ಅತ್ತಿಗೆ ಕರೆದರು. ‘ಹಳ್ಳದ ನೀರು ಲೈನ್ ಹತ್ತಿರ ಮೂರನೇ ಮೆಟ್ಟಿಲಿಗೆ ಬಂದಿದೆಯಂತೆ. ಮಗು, ಬಾಣಂತಿ ಇಬ್ಬರನ್ನೂ ನಮ್ಮ ಮನೆಗೆ ಹತ್ತಿಸಿಕೊಂಡೆವು. ನೀನು ಬರಬೇಡ, ಬೇಡ, ಬರಬೇಡ. ಓವರ್.’ ನಾನು ತಿರುಗಿ ಹೇಳಿದೆ, ಬರಲ್ಲ ಅಂತ. ಊಟ ಮಾಡಿ ಮಲಗಿದೆ. ಈಗ ರಸ್ತೆಯ ಅಂಗಡಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಕೊಟ್ಟಿಗೆಹಾರ_ದೋಸೆ
ಮಳೆ ಎಷ್ಟು ಇಂಚು?

ಬಾಳೂರು_ಮಳೆ
ಬೆಳಗ್ಗೆವರೆಗೆ ಆರು ಕಾಲು. ಇನ್ನೂ ಹೊಡೀತಾ ಇದೆ.